ವಿಟಮಿನ್ ತಾನೇ, ಕೊಟ್ಟರೇನು?

2016ರ ಜನವರಿಯಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್ ನಗರದ ಆಸ್ಪತ್ರೆಯೊಂದರ ಐಸಿಯುನಲ್ಲಿ ಒಬ್ಬ ಹೆಂಗಸು ಸಾವಿನ ಅಂಚಿನಲ್ಲಿದ್ದರು. ಮೈಯೆಲ್ಲ ನಂಜೇರಿತ್ತು, ವೈದ್ಯರ ಮಾತಿನಲ್ಲಿ ಸೆಪ್ಸಿಸ್. ಆಂಟಿಬಯೋಟಿಕ್, ಡ್ರಿಪ್, ಬಿಪಿ ಏರಿಸುವ ಔಷಧ ಎಲ್ಲವೂ ನಡೆದಿತ್ತು. ಯಾವುದೂ ನಾಟುತ್ತಿರಲಿಲ್ಲ. ಅವರನ್ನು ನೋಡುತ್ತಿದ್ದವರು ಪಾಲ್ ಮಾರಿಕ್. ದಕ್ಷಿಣ ಆಫ್ರಿಕಾದಲ್ಲಿ ವೈದ್ಯಕೀಯ ಓದಿ, ಅಮೆರಿಕದಲ್ಲಿ ಐಸಿಯು ಚಿಕಿತ್ಸೆಯ ಪ್ರಾಧ್ಯಾಪಕರಾಗಿ ಹೆಸರು ಮಾಡಿದವರು. ಅದೇ ರಾಜ್ಯದ ರಿಚ್ಮಂಡ್‌ನಲ್ಲಿ ಫೌಲರ್ ಎಂಬ ವೈದ್ಯರು 24 ಸೆಪ್ಸಿಸ್ ರೋಗಿಗಳ ಮೇಲೆ ವಿಟಮಿನ್ ಸಿ ಪರೀಕ್ಷಿಸಿ 2014ರಲ್ಲಿ ಬರೆದಿದ್ದ ಪ್ರಬಂಧ ಮಾರಿಕ್ ಅವರ ನೆನಪಿನಲ್ಲಿತ್ತು. ವಿಟಮಿನ್ ಸಿಯನ್ನು ರಕ್ತನಾಳಕ್ಕೇ ಹರಿಸಿ, ಜೊತೆಗೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಆಕೆ ಚೇತರಿಸಿಕೊಳ್ಳತೊಡಗಿದ್ದರು. ಇನ್ನಿಬ್ಬರಿಗೆ ಕೊಟ್ಟರು, ಅವರೂ ಚೇತರಿಸಿಕೊಂಡರು. ಮುಂದೆ ಥಯಮಿನ್, ಅಂದರೆ ವಿಟಮಿನ್ ಬಿ1, ಇದಕ್ಕೆ ಸೇರಿತು.

ನಾಲ್ಕನೆಯ ರೋಗಿ ಬಂದಾಗ ಆ ವೈದ್ಯರ ಕರ್ತವ್ಯ ಏನಾಗಿತ್ತು? ಈ ಬರಹ ಇರುವುದು ಆ ಪ್ರಶ್ನೆಗಾಗಿ.

ಮೊದಲು ಕಾಯಿಲೆಯ ವಿಷಯ. ಸೆಪ್ಸಿಸ್ ಎಂದರೆ ಬರೀ ಸೋಂಕಲ್ಲ. ಸೋಂಕನ್ನು ಎದುರಿಸಲು ಎದ್ದ ದೇಹದ ರಕ್ಷಣೆ ಹದ್ದು ಮೀರಿ ತನ್ನ ಅಂಗಗಳನ್ನೇ ಕೆಡಿಸತೊಡಗುವ ಸ್ಥಿತಿ ಅದು. ರಕ್ತನಾಳಗಳ ಒಳಪದರ ಸೋರುತ್ತದೆ, ಬಿಪಿ ಕುಸಿಯುತ್ತದೆ, ಮೂತ್ರಪಿಂಡ ನಿಲ್ಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನ್ಯುಮೋನಿಯಾದಿಂದ ಆಗಬಹುದು, ಮೂತ್ರದ ಸೋಂಕಿನಿಂದ ಆಗಬಹುದು, ಸಕ್ಕರೆ ಕಾಯಿಲೆಯವರ ಕಾಲಿಗೆ ಚುಚ್ಚಿದ ಒಂದು ಮುಳ್ಳಿನಿಂದಲೂ ಆಗಬಹುದು. ಬಾಣಂತಿಯರನ್ನೂ ಹಸುಗೂಸುಗಳನ್ನೂ ಅದು ಬಿಟ್ಟಿಲ್ಲ. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಗಿ 1.1 ಕೋಟಿ ಜನ ಸತ್ತರೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಹೆಚ್ಚಿನ ಸಾವುಗಳು ಬಡ ಮತ್ತು ಮಧ್ಯಮ ಆದಾಯದ ದೇಶಗಳವು. ಇಷ್ಟು ದೊಡ್ಡ ಕೊಲೆಗಾರ ಕಾಯಿಲೆಗೆ ಆಂಟಿಬಯೋಟಿಕ್ಕನ್ನು ಬೇಗ ಕೊಡುವುದು, ಕೀವು ನಿಂತಲ್ಲಿ ತೆಗೆಯುವುದು, ಬಿಪಿ ಮತ್ತು ಉಸಿರನ್ನು ಕಾಯುವುದು, ಇಷ್ಟು ಬಿಟ್ಟರೆ ಖಚಿತವಾದ ಔಷಧ ಇಂದಿಗೂ ಇಲ್ಲ.

ಆದ್ದರಿಂದ ಮಾರಿಕ್ ಅವರ ಮೂರು ಔಷಧಗಳ ಜೋಡಣೆಯನ್ನು ಹಗುರಾಗಿ ಕಾಣಬಾರದು. ಅದರ ಹಿಂದೆ ತರ್ಕವಿತ್ತು. ಹೆಚ್ಚಿನ ಪ್ರಾಣಿಗಳು ತಮಗೆ ಬೇಕಾದ ವಿಟಮಿನ್ ಸಿಯನ್ನು ತಮ್ಮ ದೇಹದಲ್ಲೇ ಮಾಡಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿಯಿಲ್ಲ, ಹೊರಗಿನಿಂದಲೇ ಪಡೆಯಬೇಕು. ನಂಜೇರಿದವರ ರಕ್ತದಲ್ಲಿ ಅದು ತಳ ಮುಟ್ಟಿರುತ್ತದೆ ಎಂಬುದು ಹಲವು ಸಲ ಅಳೆದು ಕಂಡ ಸಂಗತಿ. ಬಿಪಿಯನ್ನು ಹಿಡಿದು ನಿಲ್ಲಿಸುವ ನಾರ್‌ಅಡ್ರಿನಲಿನ್ನನ್ನು ದೇಹ ತಯಾರಿಸಬೇಕಾದರೆ ವಿಟಮಿನ್ ಸಿ ಬೇಕು. ರಕ್ತನಾಳದ ಒಳಪದರವನ್ನು ಅದು ಕಾಯುತ್ತದೆ ಎನ್ನಲು ಪ್ರಯೋಗಾಲಯದ ಆಧಾರವಿತ್ತು. ಥಯಮಿನ್ ಇಲ್ಲದೆ ಜೀವಕೋಶಕ್ಕೆ ಶಕ್ತಿ ಉತ್ಪಾದಿಸಲು ಆಗದು. ಜೊತೆಗೆ, ಹೆಚ್ಚು ವಿಟಮಿನ್ ಸಿ ಕೊಟ್ಟಾಗ ಮೂತ್ರಪಿಂಡದಲ್ಲಿ ಕೂರುವ ಆಕ್ಸಲೇಟನ್ನು ಥಯಮಿನ್ ತಗ್ಗಿಸಬಹುದೆಂಬ ಎಣಿಕೆಯೂ ಇತ್ತು. ಹೈಡ್ರೊಕಾರ್ಟಿಸೋನ್ ಅಂತೂ ಹಳೆಯ ಔಷಧ. ಮೂರೂ ಅಗ್ಗ. ಮೂರೂ ಯಾವ ಊರಿನ ಮೆಡಿಕಲ್ ಸ್ಟೋರಿಗೂ ಬರುವಂಥವು.

ಪ್ರಮಾಣ ಹೀಗಿತ್ತು: ವಿಟಮಿನ್ ಸಿ ಆರು ಗಂಟೆಗೊಮ್ಮೆ ಒಂದೂವರೆ ಗ್ರಾಂ, ಥಯಮಿನ್ ಹನ್ನೆರಡು ಗಂಟೆಗೊಮ್ಮೆ 200 ಮಿಲಿಗ್ರಾಂ, ಎರಡೂ ನಾಲ್ಕು ದಿನ. ಹೈಡ್ರೊಕಾರ್ಟಿಸೋನ್ ಆರು ಗಂಟೆಗೊಮ್ಮೆ 50 ಮಿಲಿಗ್ರಾಂ, ಏಳು ದಿನದವರೆಗೆ. ಆರೋಗ್ಯವಾಗಿರುವ ಮನುಷ್ಯನಿಗೆ ದಿನಕ್ಕೆ ನೂರು ಮಿಲಿಗ್ರಾಂ ವಿಟಮಿನ್ ಸಿ ಇದ್ದರೆ ಸಾಕು. ಇಲ್ಲಿ ದಿನಕ್ಕೆ ಆರು ಸಾವಿರ ಮಿಲಿಗ್ರಾಂ ಹೋಗುತ್ತಿತ್ತು. ಈ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ವಿಟಮಿನ್ ಎಂಬ ಹೆಸರು ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಂಬೆಹಣ್ಣು, ನೆಲ್ಲಿಕಾಯಿ ಬರುತ್ತವೆ. ಐಸಿಯುನ ಡ್ರಿಪ್ಪಿನಲ್ಲಿ ಹರಿಯುತ್ತಿದ್ದದ್ದು ಆಹಾರದ ಲೆಕ್ಕದ್ದಲ್ಲ, ಔಷಧದ ಲೆಕ್ಕದ್ದು.

ಏಳು ತಿಂಗಳಲ್ಲಿ 47 ರೋಗಿಗಳಿಗೆ ಹೀಗೆ ಚಿಕಿತ್ಸೆಯಾಯಿತು. ಹೋಲಿಸಿ ನೋಡಲು ಅದೇ ಐಸಿಯುನಲ್ಲಿ ಅದಕ್ಕೂ ಹಿಂದಿನ ಏಳು ತಿಂಗಳಲ್ಲಿ ದಾಖಲಾಗಿದ್ದ 47 ಜನರ ಕಡತಗಳನ್ನು ತೆಗೆದರು. ಹಿಂದಿನವರಲ್ಲಿ 19 ಜನ ಸತ್ತಿದ್ದರು, ನೂರಕ್ಕೆ 40.4. ಹೊಸ ಚಿಕಿತ್ಸೆ ಪಡೆದವರಲ್ಲಿ ನಾಲ್ವರು, ನೂರಕ್ಕೆ 8.5. ಬಿಪಿ ಏರಿಸುವ ಔಷಧವನ್ನು ನಿಲ್ಲಿಸಲು ಮೊದಲಿನವರಿಗೆ ಸರಾಸರಿ 55 ಗಂಟೆ ಹಿಡಿದಿದ್ದರೆ ಇವರಿಗೆ 18 ಗಂಟೆ ಸಾಕಾಯಿತು. ‘ಚೆಸ್ಟ್’ ಪತ್ರಿಕೆಯಲ್ಲಿ ಈ ಪ್ರಬಂಧ ಅಚ್ಚಾದದ್ದು 2017ರಲ್ಲಿ. ಇದು ಆರಂಭದ ಕಾಣ್ಕೆ, ಇನ್ನೂ ಅಧ್ಯಯನಗಳು ಬೇಕು ಎಂದು ಅದರಲ್ಲೇ ಬರೆದಿತ್ತು. ಆ ಸಾಲು ಯಾರ ಕಿವಿಗೂ ಬೀಳಲಿಲ್ಲ. ರೇಡಿಯೊ, ಪತ್ರಿಕೆ, ಮೊಬೈಲುಗಳಲ್ಲಿ ಓಡಾಡಿದ್ದು 40 ಮತ್ತು 8 ಎಂಬ ಎರಡು ಅಂಕಿಗಳು.

ಈಗ ನಮ್ಮ ಕಡೆಯ ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಊಹೆಯೇ, ಆದರೆ ಇಂಥದು ನಡೆದಿರುವುದಕ್ಕೆ ಸಾಧ್ಯವೇ ಇಲ್ಲ ಎಂದು ಯಾವ ಐಸಿಯು ವೈದ್ಯರೂ ಹೇಳಲಾರರು. 2018. ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆ. ಗದ್ದೆಯಲ್ಲಿ ಕಾಲಿಗೆ ಗಾಯವಾಗಿ ನಂಜೇರಿ ಬಂದ ನಲವತ್ತರ ಆಸುಪಾಸಿನ ಮನುಷ್ಯ ಎರಡು ದಿನದಿಂದ ವೆಂಟಿಲೇಟರಿನಲ್ಲಿದ್ದಾನೆ. ಹೊರಗೆ ಅವನ ತಮ್ಮ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ಮೊಬೈಲಿನಲ್ಲಿ ಏನೋ ಓದಿಕೊಂಡು ವೈದ್ಯರ ಬಳಿ ಬರುತ್ತಾನೆ.

“ಡಾಕ್ಟ್ರೇ, ಅಮೆರಿಕಾದಲ್ಲಿ ಇದಕ್ಕೆ ವಿಟಮಿನ್ ಸಿ ಕೊಡ್ತಿದಾರಂತೆ. ನಮ್ಮಣ್ಣಂಗೂ ಕೊಟ್ ನೋಡ್ಬೋದಲ್ವಾ?”

“ನಾನೂ ಓದಿದೀನಪ್ಪ. ಅದಿನ್ನೂ ಖಾತ್ರಿಯಾಗಿಲ್ಲ.”

“ಖಾತ್ರಿ ಆಗೋ ಹೊತ್ಗೆ ಅಣ್ಣ ಇರ್ಬೇಕಲ್ಲ ಸಾರ್. ವಿಟಮಿನ್ ತಾನೇ, ಕೊಟ್ರೇನು? ಒಳ್ಳೇದಾದ್ರೆ ಆಯ್ತು, ಇಲ್ದಿದ್ರೆ ನಷ್ಟ ಏನಿದೆ?”

ಈ ಹುಡುಗನ ಮಾತಿನಲ್ಲಿ ಒಂದಿಷ್ಟೂ ಸುಳ್ಳಿಲ್ಲ, ಸ್ವಾರ್ಥವಿಲ್ಲ. ಅಣ್ಣನನ್ನು ಉಳಿಸಿಕೊಳ್ಳಬೇಕೆಂಬ ಸಂಕಟ ಒಂದೇ ಇದೆ. ನಮ್ಮ ಊರುಗಳಲ್ಲಿ ಸುಸ್ತಾದವರು ತಾವಾಗಿಯೇ ಹೋಗಿ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತಾರೆ, ಶಕ್ತಿಗೆ ಒಂದು ಇಂಜೆಕ್ಷನ್ ಕೊಡಿ ಎನ್ನುತ್ತಾರೆ. ಡ್ರಿಪ್ಪಿನಲ್ಲಿ ಹೋಗುವ ವಿಟಮಿನ್ ಕೇಡು ಮಾಡೀತು ಎಂಬ ಯೋಚನೆಯೇ ನಮಗೆ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ವೈದ್ಯರ ಮನಸ್ಸಿನಲ್ಲೂ ಎರಡು ಮಾತು ಏಳುತ್ತವೆ. ಕೊಡದೆ ಅಣ್ಣ ಸತ್ತರೆ ಈ ತಮ್ಮ ಜೀವನಪೂರ್ತಿ ಕೇಳುವ ಪ್ರಶ್ನೆ ನನ್ನದಾಗುತ್ತದೆ. ಕೊಟ್ಟು ಸತ್ತರೆ ಯಾರೂ ಏನೂ ಕೇಳುವುದಿಲ್ಲ. ವೈದ್ಯರನ್ನು ಕೊಡುವ ಕಡೆಗೆ ಹೆಚ್ಚು ಜೋರಾಗಿ ಎಳೆಯುವುದು ಈ ಎರಡನೆಯ ಮಾತು ಎಂದು ನನಗೆ ತೋರುತ್ತದೆ. ಕೊಟ್ಟದ್ದರಿಂದ ಆದ ಕೇಡು ಕಾಯಿಲೆಯ ಲೆಕ್ಕಕ್ಕೆ ಹೋಗುತ್ತದೆ, ಕೊಡದೆ ಹೋದ ಜೀವ ವೈದ್ಯರ ಲೆಕ್ಕಕ್ಕೆ ಬರುತ್ತದೆ. ಇಂಥ ಲೆಕ್ಕದಲ್ಲಿ ‘ಕೊಟ್ಟುಬಿಡು’ ಎಂಬ ತೀರ್ಮಾನ ಕರುಣೆಯ ರೂಪದಲ್ಲಿ ಬಂದರೂ ಅದರೊಳಗೆ ಭಯದ ಪಾಲೂ ಇರುತ್ತದೆ.

ನಷ್ಟ ಏನಿದೆ ಎಂಬ ಪ್ರಶ್ನೆಗೆ 2018ರಲ್ಲೇ ಒಂದಷ್ಟು ಉತ್ತರಗಳಿದ್ದವು. ಬೆರಳ ತುದಿಯ ರಕ್ತ ತೆಗೆದು ಸಕ್ಕರೆ ನೋಡುವ ಪುಟ್ಟ ಯಂತ್ರಗಳಲ್ಲಿ ಹಲವು ರಕ್ತದಲ್ಲಿರುವ ಹೆಚ್ಚುವರಿ ವಿಟಮಿನ್ ಸಿಯನ್ನೂ ಸಕ್ಕರೆಯೆಂದೇ ಓದುತ್ತವೆ. ನಿಜವಾದ ಸಕ್ಕರೆ 70 ಇದ್ದಾಗ ಯಂತ್ರ ಅದಕ್ಕಿಂತ ಎಷ್ಟೋ ಹೆಚ್ಚು ತೋರಿಸಬಹುದು. ಐಸಿಯುನಲ್ಲಿ ಆ ಅಂಕಿ ನೋಡಿ ನರ್ಸ್ ಇನ್ಸುಲಿನ್ ಏರಿಸುತ್ತಾರೆ. ರೋಗಿ ಪ್ರಜ್ಞೆಯಿಲ್ಲದೆ ಮಲಗಿರುವಾಗ ಸಕ್ಕರೆ ಕುಸಿದದ್ದು ಯಾರಿಗೂ ತಿಳಿಯುವುದಿಲ್ಲ. ಲ್ಯಾಬಿಗೆ ಕಳಿಸಿ ನೋಡಿದರೆ ನಿಜ ಗೊತ್ತಾಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಎಲ್ಲ ಊರಿನಲ್ಲೂ ಲ್ಯಾಬ್ ಇರುವುದಿಲ್ಲ. ಇನ್ನು ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಇಷ್ಟು ವಿಟಮಿನ್ ಸಿ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯಬಹುದು. ಮೂತ್ರಪಿಂಡ ಮೊದಲೇ ಸೋತವರಲ್ಲಿ ಆಕ್ಸಲೇಟ್ ಹರಳುಗಟ್ಟಬಹುದು. ಇವೆಲ್ಲ ಅಪರೂಪ ಎನ್ನಬಹುದು. ಅಪರೂಪ ಎಂಬುದಕ್ಕೂ ಎಣಿಕೆ ಬೇಕು, 47 ಜನರಲ್ಲಿ ಆ ಎಣಿಕೆ ಸಿಗುವುದಿಲ್ಲ.

ಅನುಮಾನಕ್ಕೆ ಇದಕ್ಕಿಂತ ದೊಡ್ಡ ಕಾರಣ ಆ ಫಲಿತಾಂಶವೇ ಆಗಿತ್ತು. ಮೊದಲಿನ ಏಳು ತಿಂಗಳು, ಆಮೇಲಿನ ಏಳು ತಿಂಗಳು ಎಂದು ಹೋಲಿಸುವಾಗ ಔಷಧವೊಂದೇ ಬದಲಾಗುವುದಿಲ್ಲ. ಋತು ಬದಲಾಗುತ್ತದೆ, ಸೋಂಕುಗಳು ಬದಲಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಆ ಐಸಿಯುನ ಜನ ಬದಲಾಗುತ್ತಾರೆ. ಹೊಸದೊಂದು ಪ್ರಯತ್ನ ಕೈಹಿಡಿಯುತ್ತಿದೆ ಎಂಬ ಉತ್ಸಾಹದಲ್ಲಿ ನಂಜನ್ನು ಬೇಗ ಗುರುತಿಸುತ್ತಾರೆ, ಆಂಟಿಬಯೋಟಿಕ್ ಬೇಗ ಕೊಡುತ್ತಾರೆ, ಹಾಸಿಗೆಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತಾರೆ. ಹಿಂದಿನ 47 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಹೈಡ್ರೊಕಾರ್ಟಿಸೋನ್ ಸಿಕ್ಕಿತ್ತು, ಆಮೇಲಿನವರಲ್ಲಿ ಎಲ್ಲರಿಗೂ ಸಿಕ್ಕಿತು. ಇಷ್ಟೊಂದು ಎಳೆಗಳಲ್ಲಿ ಗುಣ ಕೊಟ್ಟದ್ದು ಯಾವುದು ಎಂದು ಕಣ್ಣಳತೆಯಲ್ಲಿ ಹೇಳಲು ಯಾರಿಗೂ ಸಾಧ್ಯವಿಲ್ಲ, ಎಷ್ಟೇ ಅನುಭವಿಯಾದರೂ.

ಇಲ್ಲಿ ಇತಿಹಾಸದ ಮಾತನ್ನೂ ಆಡಬೇಕು. 1976ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಶೂಮರ್ ನಂಜಿನ ಆಘಾತಕ್ಕೆ, ಅಂದರೆ ನಂಜಿನಿಂದ ಬಿಪಿ ಕುಸಿದ ಸ್ಥಿತಿಗೆ, ಭಾರೀ ಪ್ರಮಾಣದ ಸ್ಟಿರಾಯ್ಡ್ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಔಷಧ ಸಿಗದವರಲ್ಲಿ ನೂರಕ್ಕೆ 38 ಸಾವು, ಸಿಕ್ಕವರಲ್ಲಿ ಸುಮಾರು 10. ನಾರ್ಫೋಕ್‌ನ ಅಂಕಿಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ, ಅವಳಿಗಳಂತಿವೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಷ್ಟೋ ಐಸಿಯುಗಳಲ್ಲಿ ವೈದ್ಯರು ಅದನ್ನೇ ನಂಬಿ ಭಾರೀ ಸ್ಟಿರಾಯ್ಡ್ ಕೊಟ್ಟರು. 1987ರಲ್ಲಿ ಎರಡು ದೊಡ್ಡ ಪ್ರಯೋಗಗಳು ಒಟ್ಟಿಗೇ ಬಂದವು. ಉಪಯೋಗವಿಲ್ಲ ಎಂದು ಎರಡೂ ಹೇಳಿದವು. ಒಂದರಲ್ಲಿ, ಮೂತ್ರಪಿಂಡ ಸೋತಿದ್ದವರು ಸ್ಟಿರಾಯ್ಡ್ ಪಡೆದು ಹೆಚ್ಚಾಗಿಯೇ ಸತ್ತಿದ್ದರು. 2001ರಲ್ಲಿ ಕ್ಸಿಗ್ರಿಸ್ ಎಂಬ ದುಬಾರಿ ಔಷಧಕ್ಕೆ ಒಂದೇ ಒಂದು ದೊಡ್ಡ ಪ್ರಯೋಗದ ಬಲದ ಮೇಲೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮತ್ತೆ ಪರೀಕ್ಷಿಸಿದಾಗ ಉಪಯೋಗ ಕಾಣದೆ 2011ರ ಅಕ್ಟೋಬರಿನಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ನಂಜಿನ ಚಿಕಿತ್ಸೆಯ ಚರಿತ್ರೆ ಓದಿದವರಿಗೆ 40ರಿಂದ 8 ಎಂಬ ಅಂಕಿ ಸಂತೋಷಕ್ಕಿಂತ ಮೊದಲು ಎಚ್ಚರವನ್ನು ತರಬೇಕಿತ್ತು.

ಮಾರಿಕ್ ಅವರ ಪರವಾಗಿ ಹೇಳಬಹುದಾದ ಮಾತನ್ನೂ ಅದರ ಪೂರ್ತಿ ಬಲದೊಂದಿಗೆ ಹೇಳಬೇಕು. ತನ್ನ ಕಣ್ಣೆದುರೇ ಸಾಯಬೇಕಿದ್ದವರು ಎದ್ದು ಕೂತದ್ದನ್ನು ಕಂಡ ವೈದ್ಯನಿಗೆ, ಚೀಟಿ ಎತ್ತಿ ಅರ್ಧ ಜನರಿಗೆ ಬರೀ ಉಪ್ಪುನೀರು ಹಾಕು ಎಂದು ಹೇಳುವುದು ಹೇಗೆ? ಆ ಅರ್ಧ ಜನರಿಗೂ ಅಮ್ಮಂದಿರಿದ್ದಾರೆ, ಮಕ್ಕಳಿದ್ದಾರೆ. ತನ್ನ ರೋಗಿಗೆ ತಾನು ಒಳ್ಳೆಯದೆಂದು ನಂಬಿದ್ದನ್ನು ಕೊಡುವುದೇ ವೈದ್ಯಧರ್ಮವಲ್ಲವೇ? ಔಷಧ ಅಗ್ಗ, ಕಂಪನಿಗೆ ಲಾಭವಿಲ್ಲ, ಹಾಗಾಗಿ ಯಾರೂ ಪ್ರಯೋಗಕ್ಕೆ ದುಡ್ಡು ಹಾಕುವುದಿಲ್ಲ ಎಂಬ ವಾದವೂ ಕೇಳಿಬಂತು. ಅದಕ್ಕೆ ಕಾಲವೇ ಉತ್ತರ ಕೊಟ್ಟಿತು. ಪ್ರಯೋಗಗಳಿಗೆ ದತ್ತಿ ಸಂಸ್ಥೆಗಳೂ ಸರ್ಕಾರಗಳೂ ಹಣ ಕೊಟ್ಟವು. ಲಾಭ ತಾರದ ಔಷಧವೊಂದನ್ನು ಐದಾರು ವರ್ಷಗಳಲ್ಲಿ ಇಷ್ಟು ದೇಶಗಳಲ್ಲಿ ಇಷ್ಟು ಸಲ ಪರೀಕ್ಷಿಸಿದ್ದು ವೈದ್ಯಲೋಕಕ್ಕೆ ಗೌರವ ತರುವ ಸಂಗತಿ. ಇದಕ್ಕಾಗಿ ದುಡಿದವರನ್ನು ಮಾರಿಕ್ ಅವರಷ್ಟು ಜನ ಗುರುತಿಸುವುದಿಲ್ಲ ಎಂಬುದು ನನಗೆ ಬೇಸರದ ವಿಷಯ.

ಆದರೆ ವೈದ್ಯಧರ್ಮದ ವಾದ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅದರಲ್ಲಿ ಒಂದು ಗಂಟಿದೆ. ಔಷಧ ಪಡೆದವರು ಎದ್ದು ಕೂತದ್ದು ವೈದ್ಯನಿಗೆ ಕಾಣುತ್ತದೆ. ಕೊಡದಿದ್ದರೂ ಅವರು ಏಳುತ್ತಿದ್ದರೇ ಎಂಬುದು ಕಾಣುವುದಿಲ್ಲ. ಕೊಟ್ಟೂ ಸತ್ತವರ ವಿಷಯದಲ್ಲಿ, ಔಷಧವೇ ಅವರನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳಿತೇ ಎಂಬುದು ಇನ್ನೂ ಕಾಣುವುದಿಲ್ಲ. ಹಾಸಿಗೆಯ ಪಕ್ಕ ನಿಂತವನಿಗೆ ಒಂದು ಬದಿಯಷ್ಟೇ ಕಾಣುವಂತೆ ಈ ಕಾಯಿಲೆಯ ರಚನೆಯೇ ಇದೆ. ಒಳ್ಳೆಯ ಮನಸ್ಸು ಇದನ್ನು ಸರಿಪಡಿಸಲಾರದು. ಮನಸ್ಸು ಒಳ್ಳೆಯದಾದಷ್ಟೂ ನಂಬಿಕೆ ಗಟ್ಟಿಯಾಗಿ ಆ ಇನ್ನೊಂದು ಬದಿ ಮತ್ತಷ್ಟು ಮಸುಕಾಗುತ್ತದೆ. ಹಾಗಿರುವಾಗ ಚೀಟಿ ಎತ್ತುವುದನ್ನು ನಿರ್ದಯವೆನ್ನುವುದು ತಪ್ಪಾಗುತ್ತದೆ. ತನಗೆ ಕಾಣದ್ದಿದೆ ಎಂದು ವೈದ್ಯ ಒಪ್ಪಿಕೊಳ್ಳುವ ರೀತಿ ಅದು.

ನಮ್ಮ ವ್ಯವಸ್ಥೆಯಲ್ಲಿ ಇನ್ನೊಂದು ವಿಚಿತ್ರವಿದೆ. ವೈದ್ಯರು ಬಹಳ ಹಿಂದಿನಿಂದ ಇದನ್ನು ಹೇಳಿಕೊಂಡು ಬಂದಿದ್ದಾರೆ. ಸಾಬೀತಾಗದ ಔಷಧವೊಂದನ್ನು ನನ್ನ ಎಲ್ಲ ರೋಗಿಗಳಿಗೂ ಕೊಡುತ್ತೇನೆ ಎಂದರೆ ಯಾವ ಸಮಿತಿಯೂ ಅಡ್ಡ ಬರುವುದಿಲ್ಲ. ಅರ್ಧ ಜನರಿಗೆ ಕೊಟ್ಟು, ಇನ್ನರ್ಧ ಜನರೊಂದಿಗೆ ಹೋಲಿಸಿ, ಲೆಕ್ಕ ಬರೆದಿಡುತ್ತೇನೆ ಎಂದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ನೋಂದಣಿ ಬೇಕು, ಕುಟುಂಬದವರ ಸಹಿ ಬೇಕು, ಹಾನಿಯಾದರೆ ಪರಿಹಾರದ ಏರ್ಪಾಡು ಬೇಕು. ಈ ಕಟ್ಟುಪಾಡುಗಳೆಲ್ಲ ಬೇಕೇ ಬೇಕು, ಅವುಗಳ ಹಿಂದೆ ಮೋಸ ಹೋದ ಬಡವರ ದೊಡ್ಡ ಚರಿತ್ರೆ ಇದೆ. ಆದರೆ ಲೆಕ್ಕ ಇಡುವವರನ್ನು ಮಾತ್ರ ಪ್ರಶ್ನಿಸಿ, ಲೆಕ್ಕವಿಲ್ಲದೆ ಕೊಡುವವರನ್ನು ಹಾಗೇ ಬಿಡುವುದು ಯಾವ ನ್ಯಾಯ? ಎರಡನೆಯದೂ ಪ್ರಯೋಗವೇ. ಏನಾಯಿತೆಂದು ಯಾರಿಗೂ ತಿಳಿಯದೆ ಹೋಗುವ ಪ್ರಯೋಗ.

ಪ್ರಯೋಗಗಳು ಬಂದವು. ಶ್ರೀನಗರದಲ್ಲಿ 100 ರೋಗಿಗಳ ಮೇಲೆ ನಡೆದದ್ದು ನಮ್ಮ ದೇಶದ್ದೇ. ಬಿಪಿ ಔಷಧದ ಅಗತ್ಯ ಬೇಗ ಮುಗಿಯಿತು, ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್‌ಗಳ ‘ವಿಟಮಿನ್ಸ್’ ಪ್ರಯೋಗ 2020ರ ಜನವರಿಯಲ್ಲಿ ಹೊರಬಂತು. ಅದರಲ್ಲಿ 216 ಜನ. ಒಂದು ಗುಂಪಿಗೆ ಮೂರೂ ಔಷಧ, ಇನ್ನೊಂದಕ್ಕೆ ಹೈಡ್ರೊಕಾರ್ಟಿಸೋನ್ ಮಾತ್ರ. ಮೊದಲ ಏಳು ದಿನಗಳಲ್ಲಿ ಬಿಪಿ ಔಷಧದ ನೆರವಿಲ್ಲದೆ ಬದುಕಿದ್ದ ಅವಧಿ ಒಂದರಲ್ಲಿ 122 ಗಂಟೆ, ಇನ್ನೊಂದರಲ್ಲಿ 125. ಅದೇ ವರ್ಷ ಅಮೆರಿಕದ ‘ಆಕ್ಟ್ಸ್’ ಬಂತು, ಅದರಲ್ಲೂ ಅಂಗಗಳ ಚೇತರಿಕೆಯಲ್ಲಿ ವ್ಯತ್ಯಾಸವಿಲ್ಲ. 2021ರ ‘ವಿಕ್ಟಾಸ್’ನಲ್ಲಿ 501 ಜನ, 30 ದಿನದೊಳಗಿನ ಸಾವು ನೂರಕ್ಕೆ 22 ಮತ್ತು 24. ಅದನ್ನು ಹಣದ ಕಾರಣಕ್ಕೆ ನಡುವೆಯೇ ನಿಲ್ಲಿಸಬೇಕಾಯಿತು, ಆದ್ದರಿಂದ ಅದರ ಮಾತೇ ಕೊನೆಯದೆನ್ನಲು ಬರುವುದಿಲ್ಲ.

ಆಶೆ ಇಟ್ಟುಕೊಂಡವರ ಆಕ್ಷೇಪ ಒಂದಿತ್ತು: ಔಷಧ ತಡವಾಗಿ ಕೊಟ್ಟಿರಿ, ನಂಜಿನಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಒಂದೊಂದು ಪ್ರಯೋಗ ಸೋತಾಗಲೂ ಹೊಸ ಷರತ್ತೊಂದನ್ನು ಸೇರಿಸುತ್ತ ಹೋದರೆ ಸೋಲಲಾರದ ನಂಬಿಕೆಯೊಂದು ತಯಾರಾಗುತ್ತದೆ, ಅದಕ್ಕೆ ಔಷಧದ ಹಂಗೂ ಬೇಕಾಗುವುದಿಲ್ಲ. ವಿರೋಧಿಗಳಿಗೂ ಇದೇ ಮಾತು. 2019ರಲ್ಲಿ ಫೌಲರ್ ಅವರ ತಂಡ 167 ರೋಗಿಗಳಿಗೆ ವಿಟಮಿನ್ ಸಿ ಒಂದನ್ನೇ ಕೊಟ್ಟು ನೋಡಿದಾಗ, ಅವರು ಅಳೆಯಲು ಹೊರಟಿದ್ದ ಮುಖ್ಯ ಸಂಗತಿಯಲ್ಲಿ ಏನೂ ಸಿಗಲಿಲ್ಲ, ಆದರೆ 28 ದಿನದ ಸಾವು ನೂರಕ್ಕೆ 46ರ ಬದಲು 30 ಇತ್ತು. ಇಂಥ ಅಂಕಿಯನ್ನು ಬದಿಗೆ ಸರಿಸಿಬಿಡುವುದು ಪ್ರಾಮಾಣಿಕತೆಯಲ್ಲ. ಗೆದ್ದೆವೆಂದು ಕುಣಿಯುವುದೂ ಅಲ್ಲ. ಅದಕ್ಕಿಂತ ದೊಡ್ಡ ಪ್ರಯೋಗ ಮಾಡಿ ಎಂದಷ್ಟೇ ಅದು ಹೇಳುತ್ತಿತ್ತು.

ಆ ದೊಡ್ಡ ಪ್ರಯೋಗವನ್ನು ಕೆನಡಾದ ಶೆರ್‌ಬ್ರೂಕ್‌ನ ಫ್ರಾನ್ಸ್ವಾ ಲಾಮೊಂಟಾನ್ಯ್ ಮತ್ತು ಸಂಗಡಿಗರು ನಡೆಸಿದರು. ಹೆಸರು ‘ಲೋವಿಟ್’, ಪ್ರಕಟವಾದದ್ದು 2022ರಲ್ಲಿ. 872 ರೋಗಿಗಳನ್ನು ಸೇರಿಸಿಕೊಂಡು, ಒಂದು ಗುಂಪಿಗೆ ಕೇಜಿ ತೂಕಕ್ಕೆ 50 ಮಿಲಿಗ್ರಾಮಿನಂತೆ ಆರು ಗಂಟೆಗೊಮ್ಮೆ ವಿಟಮಿನ್ ಸಿ, ಇನ್ನೊಂದಕ್ಕೆ ಔಷಧವಿಲ್ಲದ ದ್ರವ. 28ನೆಯ ದಿನಕ್ಕೆ ಸತ್ತವರು ಅಥವಾ ಯಂತ್ರ ಮತ್ತು ಔಷಧಗಳ ಆಸರೆಯಲ್ಲೇ ಉಳಿದವರು ವಿಟಮಿನ್ ಗುಂಪಿನಲ್ಲಿ ನೂರಕ್ಕೆ 44.5, ಇನ್ನೊಂದರಲ್ಲಿ 38.5. ಸಾವನ್ನಷ್ಟೇ ನೋಡಿದರೆ 35.4 ಮತ್ತು 31.6. ಈ ಎರಡನೆಯ ಅಂತರ ಆಕಸ್ಮಿಕವೂ ಆಗಿರಬಹುದು, ಮೊದಲನೆಯದನ್ನು ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ. ಇಲ್ಲಿ ಪರೀಕ್ಷೆಗೊಳಗಾದದ್ದು ವಿಟಮಿನ್ ಸಿ ಒಂದೇ, ಮೂರರ ಜೋಡಣೆ ಅಲ್ಲ ಎಂಬುದನ್ನೂ ಮರೆಯಬಾರದು. ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೂ ಉಳಿಯುವುದು ಇಷ್ಟು: ನಷ್ಟವೇನಿಲ್ಲ ಎಂದುಕೊಂಡಿದ್ದ ವಿಟಮಿನ್ ಪಡೆದ ಗುಂಪಿನಲ್ಲಿ ನೂರಕ್ಕೆ ಇನ್ನೂ ಆರು ಜನರ ಪಾಡು ಕೆಟ್ಟಿತ್ತು. ಯಾಕೆ ಹಾಗಾಯಿತು ಎಂಬುದಕ್ಕೆ ತಂಡದವರ ಬಳಿಯೂ ವಿವರಣೆ ಇರಲಿಲ್ಲ. ಮುಂದಿನ ವರ್ಷ ಕೋವಿಡ್ ರೋಗಿಗಳಲ್ಲಿ ನಡೆದ ಇನ್ನೂ ದೊಡ್ಡ ಪ್ರಯೋಗದಲ್ಲೂ ವಿಟಮಿನ್ ಸಿಯಿಂದ ಉಪಯೋಗ ಸಿಗಲಿಲ್ಲ.

ಆ ಆರು ಜನರನ್ನು ಯಾವ ಹಾಸಿಗೆಯ ಪಕ್ಕ ನಿಂತೂ ಗುರುತಿಸಲು ಬರುವುದಿಲ್ಲ. ನೂರು ಜನರಲ್ಲಿ 38 ಜನರಿಗೆ ಹೇಗೂ ಕೇಡಾಗುವಲ್ಲಿ 44 ಜನರಿಗೆ ಆದರೆ ಒಬ್ಬ ವೈದ್ಯರ ಇಡೀ ಸೇವಾವಧಿಯಲ್ಲೂ ಅದು ಕಣ್ಣಿಗೆ ಬೀಳದು. ಪ್ರತಿ ಸಾವಿಗೂ ಕಾಯಿಲೆಯೇ ಸಾಕಷ್ಟು ಕಾರಣವಾಗಿ ಕಾಣುತ್ತದೆ. ಆ ಆರು ಜನ ಕಂಡದ್ದು ಯಾರಿಗೆ ಯಾವ ದ್ರವ ಹೋಗುತ್ತಿದೆ ಎಂದು ತಿಳಿಯದೆ ದುಡಿದ ನರ್ಸುಗಳಿಂದ, ತಮ್ಮವರು ಸಾಯುತ್ತಿರುವ ಹೊತ್ತಿನಲ್ಲೂ ಸಹಿ ಹಾಕಿದ ಕುಟುಂಬಗಳಿಂದ. ಈ ಪ್ರಕರಣದಲ್ಲಿ ನನ್ನ ಕೃತಜ್ಞತೆ ಯಾರಿಗಾದರೂ ಸಲ್ಲುವುದಾದರೆ ಮೊದಲು ಅವರಿಗೆ.

ಇನ್ನು ತೀರ್ಪು. ನಾರ್ಫೋಕ್‌ನ ಆ ಮೊದಲ ಹೆಂಗಸಿಗೆ ಔಷಧ ಕೊಟ್ಟದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಎಲ್ಲ ದಾರಿಯೂ ಮುಗಿದಿದ್ದಾಗ, ಆಧಾರವಿರುವ ಊಹೆಯೊಂದನ್ನು ಒಬ್ಬ ರೋಗಿಗಾಗಿ ಬಳಸುವ ಹಕ್ಕನ್ನು ವೈದ್ಯರಿಂದ ಕಿತ್ತುಕೊಳ್ಳಬಾರದು. ಎರಡನೆಯವರು, ಮೂರನೆಯವರ ವಿಷಯದಲ್ಲೂ ನಾನು ಅವರ ಜೊತೆಗೇ ನಿಲ್ಲುತ್ತೇನೆ. ನಾಲ್ಕನೆಯ ರೋಗಿ ಬಂದಾಗ, ‘ಇದು ಕೆಲಸ ಮಾಡುತ್ತಿದೆ’ ಎಂಬ ಮಾತು ಬಾಯಿಗೆ ಬಂದ ಕ್ಷಣದಲ್ಲೇ, ಕರ್ತವ್ಯ ಬದಲಾಯಿತು. ಆ ಮಾತು ಆ ಐಸಿಯುನಲ್ಲಿ ನಿಲ್ಲುವಂಥದ್ದಲ್ಲ, ಜಗತ್ತಿಗೆ ಹಬ್ಬುವಂಥದ್ದು. ಅಲ್ಲಿಂದಾಚೆಗೆ ಅವರು ಋಣಿಯಾಗಿದ್ದದ್ದು ತನ್ನ ರೋಗಿಗೆ ಮಾತ್ರವಲ್ಲ, ತನ್ನ ಮಾತು ನಂಬಿ ಔಷಧ ಕೊಡಲಿರುವ ದೂರದ ಊರುಗಳ ರೋಗಿಗಳಿಗೂ. ಅಲ್ಲಿ ಚೀಟಿ ಎತ್ತಬೇಕಿತ್ತು.

ಕೋವಿಡ್ ಕಾಲದಲ್ಲಿ ಮಾರಿಕ್ ಐವರ್ಮೆಕ್ಟಿನ್ ಎಂಬ ಔಷಧದ ಪರವಾಗಿ ನಿಂತು ದೊಡ್ಡ ವಿವಾದಕ್ಕೆ ಒಳಗಾದರು. ಅವರೂ ಲೇಖಕರಾಗಿದ್ದ ಕೋವಿಡ್ ಚಿಕಿತ್ಸೆಯ ಪ್ರಬಂಧವೊಂದನ್ನು, ಅದರಲ್ಲಿನ ಆಸ್ಪತ್ರೆಯ ಸಾವಿನ ಅಂಕಿ ಸರಿಯಿಲ್ಲವೆಂದು 2021ರಲ್ಲಿ ಪತ್ರಿಕೆ ಹಿಂತೆಗೆದುಕೊಂಡಿತು. ಇದನ್ನು ಹಿಡಿದು 2016ರ ಅವರ ನಡತೆಯನ್ನು ತೂಗುವುದು ಸುಲಭ, ಆದರೆ ನ್ಯಾಯವಲ್ಲ. ಆಗ ಅವರಿಗೆ ತಿಳಿದಿದ್ದದ್ದು, ತಿಳಿಯಬಹುದಾಗಿದ್ದದ್ದು ಇಷ್ಟರಿಂದಲೇ ಆ ತೂಕ ಆಗಬೇಕು.

ಜಿಲ್ಲಾ ಆಸ್ಪತ್ರೆಯ ಆ ವೈದ್ಯರು ಏನು ಮಾಡಬೇಕಿತ್ತು? ಬಿಪಿ ಏರಿಸುವ ಔಷಧಕ್ಕೂ ಬಗ್ಗದ ನಂಜಿನ ಆಘಾತಕ್ಕೆ ದಿನಕ್ಕೆ 200 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಕೊಡಲು ಆಧಾರವಿದೆ. 2018ರಲ್ಲಿ ಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ ಆಘಾತ ಬೇಗ ಇಳಿದದ್ದು ಕಂಡಿತ್ತು, ಜೀವ ಉಳಿಸುವ ವಿಷಯದಲ್ಲಿ ಮಾತ್ರ ಎರಡರ ಉತ್ತರ ಬೇರೆ ಬೇರೆ. ರೋಗಿ ಬಹಳ ಕುಡಿಯುವವನಾಗಿದ್ದರೆ, ತಿಂಗಳುಗಟ್ಟಲೆ ಸರಿಯಾಗಿ ಉಣ್ಣದವನಾಗಿದ್ದರೆ, ಥಯಮಿನ್ ಕೊಡಲೇಬೇಕು, ಅದು ನಿಜವಾದ ಕೊರತೆಗೆ ನಿಜವಾದ ಚಿಕಿತ್ಸೆ. ಭಾರೀ ವಿಟಮಿನ್ ಸಿಯನ್ನು ಅವರು ಕೊಡಬಾರದಿತ್ತು. ಆ ಹುಡುಗನನ್ನು ಕೂರಿಸಿಕೊಂಡು, “ನೋಡಪ್ಪ, ನಿಮ್ಮಣ್ಣಂಗೆ ನಾವು ಕೊಡ್ತಿರೋದರಲ್ಲಿ ಯಾವುದು ಗೊತ್ತಿದ್ದು ಕೊಡ್ತಿರೋದು, ಯಾವುದು ಆಸೆಯಿಂದ ಕೊಡೋದು ಅಂತ ಹೇಳ್ತೀನಿ” ಎಂದು ಹತ್ತು ನಿಮಿಷ ಮಾತಾಡಬೇಕಿತ್ತು. ಮೂವತ್ತು ರೋಗಿಗಳನ್ನು ಒಬ್ಬರೇ ನೋಡುವ ವೈದ್ಯರಿಂದ ಆ ಹತ್ತು ನಿಮಿಷ ಕೇಳುವುದು ದೊಡ್ಡ ಬೇಡಿಕೆ ಎಂಬುದು ನನಗೆ ಗೊತ್ತು. ಆದರೂ ಕೇಳುತ್ತೇನೆ.

2021ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ ವಿಟಮಿನ್ ಸಿ ಕೊಡದಿರುವುದು ಲೇಸು ಎಂದಿದೆ. ನಿಮ್ಮ ಮನೆಯವರು ನಂಜೇರಿ ಐಸಿಯು ಸೇರಿದರೆ, ಹೊಸ ಔಷಧ ಯಾವುದು ಎಂದು ಕೇಳುವ ಮೊದಲು ಆಂಟಿಬಯೋಟಿಕ್ ಎಷ್ಟು ಗಂಟೆಗೆ ಶುರುವಾಯಿತು, ನಂಜಿನ ಮೂಲ ಎಲ್ಲಿದೆ, ಅದನ್ನು ತೆಗೆದರೋ ಎಂದು ಕೇಳಿ. ಪ್ರಯೋಗವೊಂದಕ್ಕೆ ಸೇರಿಸಿಕೊಳ್ಳಲು ನಿಮ್ಮ ಒಪ್ಪಿಗೆ ಕೇಳಿದರೆ ಗಾಬರಿಯಾಗಬೇಡಿ. ನೈತಿಕ ಸಮಿತಿ ಒಪ್ಪಿದೆಯೇ, ನೋಂದಣಿ ಆಗಿದೆಯೇ, ಹಾನಿಯಾದರೆ ಯಾರು ಹೊಣೆ, ನಡುವೆ ಹೊರಬರಬಹುದೇ ಎಂದು ವಿಚಾರಿಸಿ. ಉತ್ತರಗಳು ಸರಿಯೆನಿಸಿದರೆ ಒಪ್ಪಿಕೊಳ್ಳಿ.